ರೇಡಿಯೋ ಸಭೆಗೆ ಹೋದದ್ದು

ನನ್ನ ತಮ್ಮನನ್ನು ಬೀದಿಯವರೆಲ್ಲ ರೇಡಿಯೋ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಅವನ ಕ್ಷೌರದಂಗಡಿಯ ಬಾಗಿಲು ತೆರೆದಾಗ ಶುರುವಾದ ಬಾಯಿ, ಬಾಗಿಲು ಹಾಕುವವರೆಗೂ ನಿಲ್ಲುವುದಿಲ್ಲ. ಯಾರ ಮಗಳು ಯಾರನ್ನು ಮೆಚ್ಚಿದಳು, ಯಾವ ಸಾಹೇಬರಿಗೆ ವರ್ಗವಾಯಿತು, ಎಲ್ಲ ಅವನಿಗೆ ಬೇಕು. ತನ್ನ ವಿಷಯ ಮಾತ್ರ ತುಟಿ ಪಿಟಕ್ ಎನ್ನುವುದಿಲ್ಲ. ಅದನ್ನೆಲ್ಲ ಸಂಜೆ ಬಾಟಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದನೋ ಏನೋ.

ಮೊದಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದ, ಆಮೇಲೆ ಮಧ್ಯಾಹ್ನ, ಕೊನೆಗೆ ಅಂಗಡಿ ತೆರೆಯುವ ಮೊದಲೇ. ಕೈ ನಡುಗತೊಡಗಿತು. ಕೇಳಿದರೆ ಒಂದು ದಿನ ಚಳಿ ಎನ್ನುತ್ತಿದ್ದ, ಇನ್ನೊಂದು ದಿನ ಕುರ್ಚಿಯ ಕಾಲೇ ಅಲ್ಲಾಡುತ್ತದೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಗಿರಾಕಿಗಳು ಬುದ್ಧಿವಂತರು, ಜಗಳ ಆಡಲಿಲ್ಲ. "ಕಟಿಂಗ್ ಸಾಕಪ್ಪ, ಶೇವಿಂಗ್ ಮನೇಲೇ ಮಾಡ್ಕೋತೀನಿ" ಎನ್ನತೊಡಗಿದರು. ಮುಖದ ತುಂಬ ನೊರೆ ಹಚ್ಚಿಸಿಕೊಂಡು ಹಾಯಾಗಿ ಕಣ್ಣು ಮುಚ್ಚುತ್ತಿದ್ದ ಜನ ಅವನ ಕೈಗೆ ಕುತ್ತಿಗೆ ಕೊಡಲು ಹೆದರಿದರು. ಬರಬರುತ್ತ ಕಟಿಂಗಿಗೂ ಬರುವುದು ಬಿಟ್ಟರು. ಹೀಗೇ ನಡೆದರೆ ಅಂಗಡಿಗೆ ಬೀಗ ಬೀಳುವುದು ಖಂಡಿತವಾಗಿತ್ತು. ಆ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬಾರದು. ಅವನ ಹೆಂಡತಿ ಅತ್ತು ಅತ್ತು ಸಾಕಾಗಿ ನನ್ನ ಹತ್ತಿರ ಬಂದಳು.

ಔಷಧಿ ಅಂಗಡಿಯವಳು ನನಗೊಂದು ದಾರಿ ತೋರಿಸಿದಳು. ರೈಲ್ವೆ ಗೇಟಿನ ಹಿಂದಿನ ಬೀದಿಯಲ್ಲಿ, ಒಂದು ಮಹಡಿಯ ಮೇಲೆ ವಾರಕ್ಕೊಮ್ಮೆ ಸಭೆ ಸೇರುತ್ತದಂತೆ. ಕುಡಿತ ಬಿಟ್ಟವರು, ಬಿಡಬೇಕು ಅಂದುಕೊಂಡವರು ಬರುತ್ತಾರೆ, ಜೊತೆಗೆ ಮನೆಯವರೂ ಬರಬಹುದಂತೆ. ರೇಡಿಯೋನ ತೋಳು ಹಿಡಿದು ಎಳೆದುಕೊಂಡು ಹೊರಟೆ. ಕಣ್ಣಿಗೆ ಬಟ್ಟೆ ಕಟ್ಟಿದರೂ ಊರಿನ ಬಾರುಗಳನ್ನೆಲ್ಲ ತೋರಿಸಬಲ್ಲ ಮಹಾಶಯನಿಗೆ ಈ ಒಂದು ಮಹಡಿ ಸಿಗಲಿಲ್ಲ. ಕೊನೆಗೆ ಪಂಕ್ಚರ್ ಅಂಗಡಿಯವನ ಹತ್ತಿರ ಹೋಗಿ, "ಅಣ್ಣಾ, ಇಲ್ಲೆಲ್ಲೋ ಕಂಪ್ಯೂಟರ್ ಕ್ಲಾಸ್ ಇದೆಯಂತಲ್ಲ?" ಎಂದು ಕೇಳಿದ.

ಅವನು ಟ್ಯೂಬಿನಿಂದ ತಲೆ ಎತ್ತದೆ, "ಕಂಪ್ಯೂಟರ್ ಆದ್ರೆ ಎದುರುಗಡೆ. ಕುಡಿಯೋದು ಬಿಡೋದಾದ್ರೆ ಈ ಮೆಟ್ಟಿಲು" ಎಂದ.

ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಸದ್ದು ಮಾಡುವ ಫ್ಯಾನು, ಮೂಲೆಯಲ್ಲಿ ಚಹಾದ ಫ್ಲಾಸ್ಕು. ಮುಖ ಮರೆಸಿಕೊಳ್ಳಲು ಅವನು ಕೊನೆಯ ಸಾಲಿನಲ್ಲಿ ಕೂತ. ಅದೇ ಎಡವಟ್ಟಾಯಿತು. ನಮಗೆ ನಿಮಗೆ ಗುರುತು ಹಿಡಿಯಲು ಮುಖ ಬೇಕು. ಕ್ಷೌರದವನಿಗೆ ಹಿಂದಲೆ ಸಾಕು.

"ಅಕ್ಕಾ, ಆ ಎರಡು ಸುಳಿ ನೋಡು, ವಿಮೆ ಏಜೆಂಟು. ಎರಡು ಸುಳಿಗೆ ಎರಡು ಮದುವೆ ಅಂತಾರೆ, ಪಾಪ ಒಂದೂ ಆಗಿಲ್ಲ. ಕಪ್ಪು ಬಣ್ಣ ಬಳಿದ ಆ ತಲೆ ಕರೆಂಟ್ ಆಫೀಸಿನ ಗುಮಾಸ್ತಂದು. ಅಯ್ಯೋ, ಎಲ್ಲಾ ನಮ್ಮೋರೇ!"

"ಕುಡಿಯೋದು ಬಿಡೋಕೆ ಬಂದಿದೀಯೋ, ಗಿರಾಕಿ ಹುಡುಕೋಕೆ ಬಂದಿದೀಯೋ? ಬಾಯಿ ಮುಚ್ಚೋ" ಎಂದು ಗದರಿದೆ.

ಬಾಯಿ ಮುಚ್ಚಿತು, ಆದರೆ ನನ್ನ ಗದರಿಕೆಗಲ್ಲ. ಮುಂದಿನ ಸಾಲಿನಲ್ಲಿ ಕೂತವರೊಬ್ಬರ ಬಲಗಿವಿಯ ಹಿಂದೆ ಉದ್ದನೆಯ ಗಾಯದ ಕಲೆ ಇತ್ತು. ಅವರು ಶಾಲೆಯ ಡ್ರಿಲ್ ಮೇಷ್ಟ್ರು. ಅವರಿಗೆ ಬೇರೆ ಊರಿಗೆ ವರ್ಗವಾಯಿತು, ಅದಕ್ಕೇ ಅಂಗಡಿಗೆ ಬರುತ್ತಿಲ್ಲ ಎಂದು ರೇಡಿಯೋ ಮನೆಯಲ್ಲಿ ನಮಗೆಲ್ಲ ಹೇಳಿದ್ದ.

"ನಾನೇ ಅಕ್ಕಾ ಕೊಯ್ದಿದ್ದು" ಎಂದು ಪಿಸುಗುಟ್ಟಿ ಬಾಗಿಲ ಕಡೆ ಹೊರಡಲು ಎದ್ದ. ನಾನು ಅಂಗಿ ಹಿಡಿದು ಕೂರಿಸಿದೆ.

ಸಭೆ ನಡೆಸುತ್ತಿದ್ದವರು ನಿವೃತ್ತ ನರ್ಸಮ್ಮ. "ಇಲ್ಲಿ ಹೆಸರು ಬೇಡ, ಬೇರೆಯವರ ಸುದ್ದಿ ಬೇಡ. ನಿಮ್ಮದು ಮಾತ್ರ ಹೇಳಿ. ಆಗದಿದ್ರೆ ಸುಮ್ನೆ ಕೂತಿರಿ" ಎಂದರು. ಬೇರೆಯವರ ಸುದ್ದಿ ಬೇಡ ಅಂದ ಮೇಲೆ ನಮ್ಮ ರೇಡಿಯೋದಲ್ಲಿ ಉಳಿಯುವುದಾದರೂ ಏನು? ಅವನ ಸರದಿ ಬಂದಾಗ ಎದ್ದು ನಿಂತು, "ಈ ವರ್ಷ ಸೆಕೆ ಸ್ವಲ್ಪ ಜಾಸ್ತಿ" ಎಂದು ಹೇಳಿ ಕೂತುಬಿಟ್ಟ. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿದ್ದವರು ಯಾರೂ ನಗಲಿಲ್ಲ.

ಸಭೆ ಮುಗಿದು ಚಹಾ ಕೊಡುವಾಗ ಮೇಷ್ಟ್ರು ನೇರ ನಮ್ಮ ಹತ್ತಿರವೇ ಬಂದರು. ರೇಡಿಯೋ ಗೋಡೆಗೆ ಅಂಟಿಕೊಂಡ.

"ಅವತ್ತು ನಾನೂ ಕುಡಿದಿದ್ದೆ ಕಣಯ್ಯ" ಎಂದರು ಮೇಷ್ಟ್ರು. "ಕುರ್ಚಿ ಮೇಲೆ ತೂಗಾಡ್ತಿದ್ದೆ. ಆಮೇಲೆ ನಿನ್ನ ಗಿರಾಕಿಗಳಿಗೆಲ್ಲ ನಿನ್ನದೇ ತಪ್ಪು ಅಂತ ಹೇಳ್ಕೊಂಡು ಬಂದೆ. ಅದನ್ನ ಸರಿ ಮಾಡ್ಬೇಕು. ನಾಳೆ ಬೆಳಿಗ್ಗೆ ಶೇವಿಂಗಿಗೆ ಬರ್ತೀನಿ. ನಾಲ್ಕು ಜನ ನೋಡ್ಲಿ."

ನನ್ನ ಎದೆ ಹಿಗ್ಗಿತು. ಯಾರಾದರೂ ಶೇವಿಂಗಿಗೆ ಬರ್ತೀನಿ ಅನ್ನಲಿ ಎಂದು ಅವನು ಎಷ್ಟು ಕಾಲದಿಂದ ಕಾಯುತ್ತಿದ್ದ! ಮೇಷ್ಟ್ರು ಒಬ್ಬರು ಬಂದು ಕೂತರೆ ಬೀದಿಯೇ ಹಿಂದೆ ಬರುತ್ತದೆ. ಹೂಂ ಅನ್ನೋ ಪೆದ್ದೇ, ಎಂದು ಅವನ ಕಾಲು ತುಳಿದೆ.

ಅವನು ಚಹಾದ ಲೋಟ ಕೆಳಗಿಡಲು ಹೋದ. ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿತು. ಒರೆಸಲೂ ಇಲ್ಲ, ಫ್ಯಾನನ್ನು ದೂರಲೂ ಇಲ್ಲ.

"ಬೇಡ ಸಾರ್" ಎಂದ. "ನೀವು ತೂಗಾಡಿರಬಹುದು, ಆದ್ರೆ ನಡುಗಿದ್ದು ನನ್ನ ಕೈ. ಕುಡಿದೇ ಕತ್ತಿ ಹಿಡಿದಿದ್ದೆ. ನಿನ್ನೆಯೂ ಕುಡಿದಿದೀನಿ. ಇನ್ನೂ ನಡುಗ್ತಿದೆ, ನೋಡಿ. ನಡುಕ ನಿಂತ ಮೇಲೆ ನಾನೇ ನಿಮ್ಮನೆಗೆ ಬಂದು ಕರೀತೀನಿ."

ಬಯ್ಯಲು ಬಾಯಿ ತೆರೆದಿದ್ದ ನಾನು ಸೆರಗಿನಿಂದ ಮೇಜಿನ ಮೇಲಿನ ಚಹಾ ಒರೆಸತೊಡಗಿದೆ.

ಮೇಷ್ಟ್ರು ಅವನ ಒದ್ದೆ ಕೈಯನ್ನು ಹಿಡಿದುಕೊಂಡರು. "ಸರಿ ಹಾಗಾದ್ರೆ, ಅಲ್ಲೀವರೆಗೆ ಗಡ್ಡ ಬಿಡ್ತೀನಿ" ಎಂದರು. "ಬೇಗ ಕರೆಯಯ್ಯ, ನನಗೆ ತುರಿಕೆ ತಡೆಯೋಕಾಗಲ್ಲ."