ಎದುರುಮನೆ ಮಾಮಿ ಹಿಡಿದುಕೊಟ್ಟ ದನಿ

ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ಎದುರುಮನೆ ಮಾಮಿ ಕಿವಿಯ ಏಳುಕಲ್ಲಿನ ಓಲೆಗಳನ್ನು ಬಿಚ್ಚಿ ಕಾಫಿಯ ಡವರಾ ಬಟ್ಟಲಲ್ಲಿ ಇಡುತ್ತಿದ್ದರು. ಭಾರ ಹೊತ್ತು ಹೊತ್ತು ಕಿವಿಯ ತೂತು ಉದ್ದಕ್ಕೆ ಇಳಿದಿತ್ತು. ಅದನ್ನೊಮ್ಮೆ ತಿಕ್ಕಿಕೊಂಡು ಕೆಲಸಕ್ಕೆ ಕೂರುವರು.

ಮಾಂಬಲದ ನಮ್ಮ ಬೀದಿಗೆಲ್ಲ ಅವರು ಮಾಮಿ. ತಲೆಮಾರುಗಳಿಂದ ಮದರಾಸಿನಲ್ಲಿದ್ದ ಕನ್ನಡ ಮನೆತನ. ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೆಂದು ಅವರಿಗೇ ತಿಳಿಯದು. ಅಂಬತ್ತೂರಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ಮನೆಯ ಕಂಪ್ಯೂಟರಿನಲ್ಲಿ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಲಿನಕ್ಸ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನಾನು ರೈಲ್ವೆ ಕಂಟ್ರೋಲ್ ಕಚೇರಿಯಿಂದ ನಿವೃತ್ತನಾದವನು. ವೇಳೆ ತಪ್ಪುವವರನ್ನು ಕಂಡರೆ ನನಗಾಗದು. ಮಾಮಿ ಎಂದೂ ವೇಳೆಗೆ ಬಂದವರಲ್ಲ; ಆದರೂ ಅವರಿಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಿದ್ದೆ.

ಎರಡು ಸಾವಿರದ ಎಂಟರ ಸುಮಾರಿಗೆ, ಪುಣೆಯಲ್ಲಿದ್ದ ನನ್ನ ಅಕ್ಕನಿಗೆ ಗಂಟಲಿನ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಆಮೇಲೆ ದನಿ ಉಳಿಯದು ಎಂದರು ವೈದ್ಯರು. ನಮ್ಮ ಅಜ್ಜಿಯ ಕತೆಗಳನ್ನು ಪೂರ್ತಿ ಬಲ್ಲವಳು ಅವಳೊಬ್ಬಳೇ. ಭಾನುವಾರ ಬೆಳಿಗ್ಗೆ ಇಂಟರ್‌ನೆಟ್‌ನಲ್ಲಿ ಮಾತಾಡುವಾಗ ಅವನ್ನು ಹಿಡಿದಿಡಬೇಕೆಂದು ಹೊರಟೆ. ರೆಕಾರ್ಡ್ ಮಾಡುವ ತಂತ್ರಾಂಶದ ನಕಲಿ ಸಿ.ಡಿ. ಅಂಗಡಿಯಿಂದ ತರಲೇ ಎಂದು ಮಾಮಿಯನ್ನು ಕೇಳಿದೆ.

"ಕದ್ದ ಡಬ್ಬೀಲಿ ಅಕ್ಕನ ದನಿ ಇಡ್ತೀರಾ, ಕಂಟ್ರೋಲರ್ ಸಾರ್?" ಎಂದರು. ಅಂದೇ ನನ್ನ ಕಂಪ್ಯೂಟರಿಗೂ ಲಿನಕ್ಸ್ ಬಂತು, ಜೊತೆಗೆ ರೆಕಾರ್ಡ್ ಮಾಡುವ ಮುಕ್ತ ತಂತ್ರಾಂಶ.

ಮೊದಲ ಭಾನುವಾರ ಕೆಟ್ಟಿತು. ಮೈಕು ಹಿಡಿದದ್ದರಲ್ಲಿ ಫ್ಯಾನು, ಕಾಗೆ, ಬೀದಿಯ ತರಕಾರಿಯವನು, ಎಲ್ಲಕ್ಕಿಂತ ಜೋರಾಗಿ ನನ್ನ 'ಹೂಂ'. ನಮ್ಮ ಮನೆಯಲ್ಲಿ ಕತೆ ಕೇಳುವವರು ಮಾತುಮಾತಿಗೂ ಹೂಂಗುಟ್ಟಲೇಬೇಕು. ಮುಂದಿನ ಭಾನುವಾರ ಬಾಯಿ ಬಿಗಿದು ಕೂತೆ. ರಾಜಕುಮಾರಿ ಬಾವಿಯ ಹತ್ತಿರ ಬರುವಷ್ಟರಲ್ಲಿ ಅಕ್ಕ ನಿಂತುಬಿಟ್ಟಳು. "ಎದ್ದು ಹೋದ್ಯೇನೋ? ಹೂಂ ಅನ್ನೋರಿಲ್ದೆ ಗೋಡೆಗೆ ಹೇಳ್ಲಾ ಕತೇನ?" ಅವಳ ದನಿ ಆಗಲೇ ಸವೆದಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆ ಉಳಿದದ್ದು ಒಂದೇ ಭಾನುವಾರ.

ಆ ವಾರವೆಲ್ಲ ಮಾಮಿ ಅಂಬತ್ತೂರಿನಿಂದ ನೇರ ನಮ್ಮ ಮನೆಗೇ ಬಂದರು. ಲಿನಕ್ಸಿನಲ್ಲಿ ಧ್ವನಿಯ ದಾರಿಗಳನ್ನು ತೋರಿಸುವ ಕಿಟಕಿಯೊಂದನ್ನು ತೆರೆದು, ಮೈಕನ್ನು ಬಿಟ್ಟು, ಹೆಡ್‌ಫೋನಿಗೆ ಹೋಗುವ ಧ್ವನಿಯನ್ನೇ ಒಳಗಿಂದೊಳಗೆ ರೆಕಾರ್ಡಿಂಗಿಗೆ ತಿರುಗಿಸಿದರು. ಒಂದು ಹಾಡು ಹಾಕಿ, ನನ್ನಿಂದ ಹೂಂ ಅನ್ನಿಸಿ, ಹಿಡಿದದ್ದನ್ನು ಕೇಳಿಸಿದರು. ಹಾಡಷ್ಟೇ ಇತ್ತು.

"ನೀವು ಬೇಕಾದಷ್ಟು ಹೂಂ ಕೊಡಿ ಸಾರ್. ಅದು ಅಕ್ಕಂಗೆ ಮಾತ್ರ ಹೋಗತ್ತೆ. ನಮ್ಗೆ ಬರೋದು ಅವರ್ದು ಮಟ್ಟುಂ."

ಭಾನುವಾರ ಕವಲುತಂತಿ ಹಾಕಿ ಕಂಪ್ಯೂಟರಿನ ಒಂದೇ ತೂತಿಗೆ ಎರಡು ಹೆಡ್‌ಫೋನ್ ಸಿಕ್ಕಿಸಿ ನನ್ನ ಪಕ್ಕದಲ್ಲೇ ಕೂತರು. ಅಕ್ಕ ತಡೆಯಿಲ್ಲದೆ ಹೇಳಿದಳು. ಎರಡನೆಯ ಕತೆಯ ನಡುವೆ ಮಾಮಿ ತಮಗೇ ತಿಳಿಯದೆ ಹೂಂಗುಟ್ಟತೊಡಗಿದರು. "ಅದ್ಯಾರೋ?" ಎಂದಳು ಅಕ್ಕ.

"ಇನ್ನೊಬ್ಬ ತಂಗಿ, ಅಕ್ಕಾ. ಆ ಬಾವಿ ವಿಷಯ ಹೇಳಿ ಮೊದ್ಲು," ಎಂದರು ಮಾಮಿ.

ಅಕ್ಕ ಆಮೇಲೆ ಕೆಲವು ವರ್ಷ ಕೈಸನ್ನೆಯಲ್ಲೇ ಬದುಕಿದಳು. ಮಾಮಿ ಅವಳಿಗಿಂತ ಮೊದಲೇ ಹೋದರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಎದೆನೋವೆಂದು ಮೆಟ್ಟಿಲ ಮೇಲೆ ಕೂತರು, ಏಳಲಿಲ್ಲ.

ಸಂಧ್ಯಾವಂದನೆ ಮುಗಿಸಿ ದಿನವೂ ಆ ಕತೆಗಳನ್ನು ಹಾಕುತ್ತೇನೆ. ಅಕ್ಕನ ಉಸಿರು ಸಹ ಕೇಳುತ್ತದೆ. ಎರಡನೆಯ ಕತೆಯ ನಡುವೆ "ಅದ್ಯಾರೋ?" ಎಂದು ಕೇಳಿ ಅವಳು ಸುಮ್ಮನಾಗುತ್ತಾಳೆ. ಮಾಮಿ ಮಾತಾಡಿದ್ದು ಅಲ್ಲೇ. ಮೈಕು ಬಿಟ್ಟು ಹಿಡಿದದ್ದು; ಸದ್ದು ಎಷ್ಟು ದೊಡ್ಡದು ಮಾಡಿದರೂ ಅಲ್ಲಿ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ನಗುತ್ತಾಳೆ.