ಅಪ್ಪನ ರಕ್ತಕ್ಕೆ ಬಂದ ಮಾರ್ಕ್ಸು

ಅಪ್ಪನದು ಕಟಿಂಗ್ ಶಾಪು. ಎರಡು ಕುರ್ಚಿ, ಉದ್ದನೆಯ ಒಂದು ಕನ್ನಡಿ, ನೀರು ಚಿಮುಕಿಸುವ ಬಾಟಲಿ. ಎಪ್ಪತ್ತು ದಾಟಿದರೂ ಅವರ ಕೈಯಲ್ಲಿ ಕತ್ತಿ ನಡುಗಿದ್ದನ್ನು ನಾನು ನೋಡಿಲ್ಲ. ಬಾಯಂತೂ ಕತ್ತಿಗಿಂತ ಚುರುಕು. ಬೊಕ್ಕತಲೆಯವರು ಬಂದು ಕೂತರೆ, "ನಿಮ್ದು ಕಟಿಂಗ್ ಅಲ್ಲ ಸ್ವಾಮಿ, ಹುಡುಕಾಟ. ಅದಕ್ಕೆ ಚಾರ್ಜು ಜಾಸ್ತಿ" ಎನ್ನುವರು.

ಇಂಥ ಮನುಷ್ಯನನ್ನು ಹಾಳು ಮಾಡಿದವನು ನನ್ನ ತಂಗಿಯ ಗಂಡ. ಸುಡುಬಿಸಿಲಲ್ಲೂ ಕೋಟು ತೊಡುವ ಅವನಿಗೆ ನಾನಿಟ್ಟ ಹೆಸರೇ ಕೋಟು. ಮನೆಮನೆಗೆ ವಿಟಮಿನ್ ಗುಳಿಗೆ ಮಾರುವುದು ಅವನ ಕಸುಬು. ವಯಸ್ಸಾದವರ ಮೈಯನ್ನು ಒಳಗಿಂದ ತುಕ್ಕು ತಿನ್ನುತ್ತದಂತೆ, ವಿಟಮಿನ್ ಇ, ಸಿ ನುಂಗಿದರೆ ತುಕ್ಕು ಬಿಡುತ್ತದಂತೆ. ಅವನು ಬಾಯಿ ತೆರೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅಪ್ಪ ಮಾತ್ರ ಬಾಯಿಬಿಟ್ಟುಕೊಂಡು ಕೇಳಿದರು.

ಮೊದಲು ಅಪ್ಪನ ರಕ್ತ ಪರೀಕ್ಷೆ ಮಾಡಿಸಿದ. ಕೆಲವು ತಿಂಗಳು ಗುಳಿಗೆ ನುಂಗಿಸಿ ಮತ್ತೆ ಮಾಡಿಸಿದ. ವಿಟಮಿನ್ ಇ ದುಪ್ಪಟ್ಟಾಗಿತ್ತು. ನುಂಗಿದ್ದು ರಕ್ತದಲ್ಲಿ ಕಾಣದೆ ಇನ್ನೆಲ್ಲಿ ಕಾಣಬೇಕು? ಕೋಟು ಅಪ್ಪನ ಫೋಟೋ ಪಕ್ಕ ಆ ನಂಬರ್ ಹಾಕಿಸಿದ ಪೋಸ್ಟರನ್ನು ಅಂಗಡಿಯ ಕನ್ನಡಿಗೇ ಅಂಟಿಸಿದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಮಾರ್ಕ್ಸು ಬಂದಿತ್ತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮುಂದಿನ ಪರೀಕ್ಷೆ ಹತ್ತಿರವಾದಂತೆ ಒಂದರ ಜಾಗದಲ್ಲಿ ಮೂರು ನುಂಗತೊಡಗಿದರು. ತಟ್ಟೆಗೆ ಸೊಪ್ಪು ಬಡಿಸಿದರೆ, "ಅದೆಲ್ಲ ಗುಳಿಗೆಲೇ ಇದೆ ಕಣೇ" ಎಂದು ಪಕ್ಕಕ್ಕೆ ತಳ್ಳುವರು.

ಹೃದಯದ ತೊಂದರೆಗೆಂದು ಅಪ್ಪ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಬೇರೇನು ತೆಗೆದುಕೊಂಡರೂ ಹೇಳಬೇಕೆಂದು ಡಾಕ್ಟರು ಎಚ್ಚರಿಸಿದ್ದರು. "ಹೇಳಿದ್ರಾ ಅಪ್ಪಾ?" ಎಂದು ಕೇಳಿದರೆ ಕೋಟು ಕಲಿಸಿದ ಪಾಠ ಒಪ್ಪಿಸಿದರು: "ಇದು ಔಷಧಿ ಅಲ್ಲಮ್ಮ, ಆಹಾರ. ಉಂಡಿದ್ದನ್ನೆಲ್ಲ ಡಾಕ್ಟರಿಗೆ ಹೇಳ್ತಾರಾ?" ಎಷ್ಟು ಬಡಕೊಂಡರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಒಂದು ಬೆಳಿಗ್ಗೆ ಕತ್ತಿಗೆ ಹೊಸ ಬ್ಲೇಡ್ ಸಿಕ್ಕಿಸುವಾಗ ಅಪ್ಪನ ಹೆಬ್ಬೆರಳಿಗೆ ತಗುಲಿತು. ಆ ಕಸುಬಿನಲ್ಲಿ ಇದೇನು ದೊಡ್ಡದಲ್ಲ, ಪಟಿಕದ ಕಲ್ಲು ಒತ್ತಿದರೆ ರಕ್ತ ನಿಲ್ಲುತ್ತದೆ. ಒತ್ತಿದರು. ನಿಲ್ಲಲಿಲ್ಲ. ಟವೆಲ್ ಸುತ್ತಿದರು, ಅದೂ ತೊಯ್ದಿತು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೇ ಓಡಿಬಂದು ನನ್ನನ್ನು ಕರೆದ. ಆಸ್ಪತ್ರೆ ಸೇರುವಷ್ಟರಲ್ಲಿ ವಸಡಿನಿಂದಲೂ ರಕ್ತ ಒಸರುತ್ತಿತ್ತು.

ಗುಳಿಗೆ ಡಬ್ಬಿ ನೋಡಿದ ಡಾಕ್ಟರು ಹೌಹಾರಿದರು. "ಆ ಮಾತ್ರೆ ಜೊತೆ ಇದನ್ನ ಇಷ್ಟೊಂದು ನುಂಗೋದಾ? ಇದೂ ರಕ್ತ ತೆಳು ಮಾಡುತ್ತೆ. ಇವತ್ತು ಬೆರಳು. ನಾಳೆ ತಲೆಯೊಳಗೆ ರಕ್ತ ಸೋರಿದ್ರೆ ಉಳಿಸೋಕಾಗಲ್ಲ. ಇನ್ನು ಒಂದೂ ಮುಟ್ಟಬೇಡಿ."

ಸಂಜೆ ಕೋಟು ಬಂದ. ಅಪ್ಪನ ಮುಖ ನೋಡುವ ಮೊದಲೇ ನನ್ನ ಬಳಿ ಬಗ್ಗಿ, "ಅಕ್ಕಾ, ಇದನ್ನ ಹೊರಗೆ ಯಾರಿಗೂ ಹೇಳ್ಬೇಡಿ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ" ಎಂದ. ಥೂ! ಉಗಿಯೋಣವೆಂದರೆ ಆಸ್ಪತ್ರೆಯ ನೆಲ.

ಅವನು ಮಂಚದ ಹತ್ತಿರ ಹೋದದ್ದೇ ಅಪ್ಪ ಅವನ ಕೈ ಹಿಡಿದುಕೊಂಡರು. ನನಗೆ ಕೇಳಿಸದೆಂದುಕೊಂಡು ಪಿಸುಗುಟ್ಟಿದರು: "ನೀನು ತಲೆ ಕೆಡಿಸ್ಕೋಬೇಡಪ್ಪ. ನನ್ನ ನಂಬರ್ ಇಳಿಯೋಕೆ ಬಿಡಲ್ಲ. ಇವಳಿಗೆ ಗೊತ್ತಾಗದ ಹಾಗೆ ನುಂಗ್ತೀನಿ."

"ಬೇಡ ಮಾವ" ಎಂಬ ಒಂದೇ ಒಂದು ಮಾತಿಗಾಗಿ ಕಾದೆ. ಅವನು ಅಪ್ಪನ ಕೈ ತಟ್ಟಿ, "ಮೊದಲು ಹುಷಾರಾಗಿ ಮಾವ, ಆಮೇಲೆ ನೋಡೋಣ" ಎಂದ.

ಕಾಲರ್ ಹಿಡಿದು ಎಳೆದು ವಾರ್ಡಿನಾಚೆ ದಬ್ಬಿದೆ.

"ಮನೆ ಅಳಿಯನ ಮೇಲೆ ಕೈ ಮಾಡ್ತೀಯಾ, ಹೊಟ್ಟೆಕಿಚ್ಚಿನವಳೇ!" ಹಿಂದಿನಿಂದ ಅಪ್ಪ ಕಿರುಚಿದರು. ತಿರುಗಿ ನೋಡಿದೆ. ಬೈಯುತ್ತಿದ್ದ ಬಾಯಲ್ಲಿ ಹಲ್ಲೆಲ್ಲ ಕೆಂಪಾಗಿದ್ದವು.