ಕಣ್ಣೊಳಗಿಡುವ ಕನ್ನಡಕದ ಕಂಪನಿ

ಕೃಷ್ಣವೇಣಿಗೆ ಕನ್ನಡಕ ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಅಂದಿನಿಂದ ಅವಳಿಗೆ ಶಾಲೆಯ ಕರಿಹಲಗೆ, ಬೀದಿಯಾಚೆಯ ಬೇವಿನ ಮರ, ಅಪ್ಪನ ಹಣೆಯ ಗಂಟು ಎಲ್ಲವೂ ಚೆನ್ನಾಗಿ ಕಾಣತೊಡಗಿದವು. ಅಪ್ಪನಿಗೆ ಮಾತ್ರ ಮಗಳ ಮುಖದಲ್ಲಿ ಕನ್ನಡಕ ಬಿಟ್ಟು ಬೇರೇನೂ ಕಾಣದಾಯಿತು. ಅಪ್ಪ ವ್ಯಾಸರಾಜ ಧಾರವಾಡದ ಕಡೆಯವರು, ನಾಗಪುರದ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮದುವೆಯೊಂದನ್ನೇ ತಲೆಗೆ ಹಚ್ಚಿಕೊಂಡಿದ್ದರು.

ಹೆಣ್ಣು ನೋಡಲು ಬಂದವರ ಮುಂದೆ ಕನ್ನಡಕ ಹಾಕಿಕೊಂಡು ಬರುವಂತಿರಲಿಲ್ಲ. ಅದಕ್ಕೆ ಹಿಂದಿನ ದಿನವೇ ತಾಲೀಮು. ಅಡುಗೆಮನೆಯ ಹೊಸ್ತಿಲಿನಿಂದ ಜಮಖಾನೆಗೆ ಏಳು ಹೆಜ್ಜೆ, ಎಡಕ್ಕೆ ಹುಡುಗನ ತಂದೆ, ಬಲಕ್ಕೆ ಹುಡುಗ. ಮೂರನೆಯ ಸಲ ಬಂದವರು ಬಿಸಿಲೆಂದು ತಮ್ಮ ಟಾಂಗಾದವನನ್ನೂ ನೀರಿಗೆ ಒಳಗೆ ಕರೆದಿದ್ದರು. ಅವನು ಎಡಕ್ಕೆ ನಿಂತಿದ್ದ. ಕೃಷ್ಣವೇಣಿ ಭಕ್ತಿಯಿಂದ ಬಗ್ಗಿ ಅವನಿಗೆ ನಮಸ್ಕಾರ ಮಾಡಿದಳು. ಪಾಪ, ಆ ಮನುಷ್ಯ ಗಾಬರಿಯಲ್ಲಿ ಆಶೀರ್ವಾದವನ್ನೂ ಮಾಡಿಬಿಟ್ಟ. ಬಂದವರು ಅವಲಕ್ಕಿ ತಿಂದು ಕೈತೊಳೆದು ಹೋದರು. ಆಮೇಲೆ ಪತ್ರ ಬರಲಿಲ್ಲ.

ಆ ಅವಮಾನ ಇನ್ನೂ ಹಸಿಯಾಗಿದ್ದಾಗಲೇ ವ್ಯಾಸರಾಜರಿಗೆ ಲಕ್ಷ್ಮೀಕಾಂತ ಗಂಟುಬಿದ್ದ. ಸೀತಾಬರ್ಡಿ ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಊರ ಕಡೆಯವನು, ಕನ್ನಡ ಮಾತಾಡುವವನು. ಪರವೂರಿನಲ್ಲಿ ಒಬ್ಬನನ್ನು ನಂಬಲು ವ್ಯಾಸರಾಜರಿಗೆ ಇಷ್ಟು ಸಾಕಾಯಿತು.

"ಕಣ್ಣಗುಡ್ಡಿ ಮ್ಯಾಲೇ ಕೂಡೋ ಚಸ್ಮಾ ರೀ, ರಾಯರ! ಕಾಂಟ್ಯಾಕ್ಟ್ ಲೆನ್ಸ್ ಅಂತಾರ. ಎದುರಿಗೆ ಕೂತವರಿಗೂ ಗೊತ್ತಾಗೂದಿಲ್ಲ. ನಾವು ನಾಕು ಮಂದಿ ಸೇರಿ ಇಲ್ಲೇ ಕಂಪನಿ ತೆಗೀಲಿಕ್ಕತ್ತೇವಿ. ಸರಕಾರದ ಲೈಸೆನ್ಸ್ ಒಂದು ಬಂದ್ರ ಆತು. ಷೇರು ತೊಗೊಂಡವರ ಮನಿಗೆ ಮೊದಲನೇ ಜೋಡಿ ಪುಕ್ಕಟ."

ಇಪ್ಪತ್ತು ವರ್ಷ ಪಾರ್ಸಲ್ ಆಫೀಸಿನಲ್ಲಿ ಕೂತ ಮನುಷ್ಯನಿಗೆ ಷೇರೆಂದರೆ ಇನ್ನೊಂದು ರಸೀದಿ. ದುಡ್ಡು ಕಟ್ಟಬೇಕು, ಕಾಗದ ಜೋಪಾನ ಮಾಡಬೇಕು. ಮಾಲು ಎರಡು ದಿನ ತಡವಾದರೂ ಬಂದೇ ಬರುತ್ತದೆ. ಹೀಗೆ ತಿಳಿದು, ಹೆಂಡತಿ ಮಗಳಿಗೆಂದು ಬಿಟ್ಟುಹೋಗಿದ್ದ ಆರು ತೊಲೆಯ ಪಾಟ್ಲಿ ಬಳೆಗಳನ್ನು ಮಾರಿ ಷೇರು ಕೊಂಡರು. ಮಗಳನ್ನು ಒಂದು ಮಾತು ಕೇಳಲಿಲ್ಲ. ಷೇರಿನ ಕಾಗದಕ್ಕೆ ಕುಂಕುಮ ಹಚ್ಚಿ ದೇವರ ಪೆಟ್ಟಿಗೆಯಲ್ಲಿಟ್ಟರು.

ಎರಡು ವರ್ಷವಾದರೂ ಲೈಸೆನ್ಸ್ ಬರಲಿಲ್ಲ. ಐವತ್ತಾರನೆಯ ಇಸವಿಯಲ್ಲಿ ರಾಜ್ಯಗಳು ಹೊಸದಾಗಿ ಹಂಚಿಹೋಗಿ, ನಾಗಪುರಕ್ಕೆ ರಾಜಧಾನಿಯ ಪಟ್ಟ ತಪ್ಪಿ, ಸರಕಾರಿ ಕಚೇರಿಗಳು ಭೋಪಾಳಕ್ಕೆ ಹೊರಟುನಿಂತವು. ಅಲ್ಲಿಗೆ ವರ್ಗವಾಗಿದ್ದ ನರಹರಿ ಎಂಬ ಗುಮಾಸ್ತ ಹೋಗುವುದರೊಳಗೆ ಲಗ್ನ ಮಾಡಿಕೊಳ್ಳಬೇಕೆಂದು ತಂದೆಯ ಜೊತೆ ಹೆಣ್ಣು ನೋಡಲು ಬಂದ.

ಕೃಷ್ಣವೇಣಿ ಏಳು ಹೆಜ್ಜೆ ಎಣಿಸಿ ಬಂದು ಕೂತಳು. ಬಲಗಡೆಯಿಂದ ದನಿಯೊಂದು ಕೇಳಿತು.

"ಚಸ್ಮಾ ಯಾಕ ತೆಗದಿಟ್ಟೀರಿ? ಮೂಗಿನ ಮ್ಯಾಲೆ ಗುರ್ತು ಕಾಣಸ್ತದ. ಹಾಕ್ಕೊಂಡು ಬರ್ರಿ. ನಾನೂ ಹಾಕ್ಕೊಂಡೇ ಕೂತೀನಲ್ಲ."

ಅವಳು ಒಳಗೆ ಓಡಿ ಕನ್ನಡಕ ಹಾಕಿಕೊಂಡು ಬಂದಳು. ತನ್ನನ್ನು ನೋಡಲು ಬಂದ ಗಂಡಿನ ಮುಖವನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಸಾಧಾರಣ ಮುಖ. ಅವಳಿಗೆ ಅದು ಬಹಳ ಹಿಡಿಸಿತು.

"ಹುಡುಗಿ ನಮಗ ಒಪ್ಪಿಗಿ," ಎಂದರು ನರಹರಿಯ ತಂದೆ. "ಪತ್ರದಾಗ ಪಾಟ್ಲಿ ಅಂತ ಬರದಿದ್ರಿ. ಒಮ್ಮೆ ಕಣ್ಣಿಗೆ ತೋರಿಸಿದ್ರ ಆತು, ಇವತ್ತೇ ತಾಂಬೂಲ ಬದಲಿಸಿ ಹೋಗತೇವಿ."

ವ್ಯಾಸರಾಜರು ದೇವರ ಪೆಟ್ಟಿಗೆಯಿಂದ ಷೇರಿನ ಕಾಗದ ತಂದು, ಪಾಟ್ಲಿಯೆಲ್ಲ ಇದರಲ್ಲೇ ಇದೆಯೆಂದು ಎರಡೂ ಕೈಯಿಂದ ಕೊಟ್ಟರು. ಕಣ್ಣಿನ ಲೆನ್ಸು, ಪುಕ್ಕಟೆ ಜೋಡಿ, ಬರಲಿರುವ ಲೈಸೆನ್ಸು ಎಲ್ಲವನ್ನೂ ಹೇಳಿದರು. ಆ ಹಿರಿಯರು ಕೊನೆತನಕ ಕೇಳಿದರು. ಬೆರಳಿಗೆ ಹತ್ತಿದ ಕುಂಕುಮವನ್ನು ಧೋತರಕ್ಕೆ ಒರೆಸಿಕೊಂಡರು.

"ಇದನ್ನ ಹುಡುಗಿ ಕೈಯಾಗ ಹ್ಯಾಂಗ ಹಾಕೋದು ರಾಯರ?"

ಕೃಷ್ಣವೇಣಿ ನರಹರಿಯತ್ತ ನೋಡಿದಳು. ಆ ಹೇಡಿ ಜಮಖಾನೆಯ ಎಳೆ ಎಣಿಸುತ್ತಿದ್ದ. ಅದೂ ಅವಳಿಗೆ ಸ್ಪಷ್ಟವಾಗಿ ಕಂಡಿತು.

ತಾಂಬೂಲ ಬದಲಾಗಲಿಲ್ಲ, ನರಹರಿ ಭೋಪಾಳಕ್ಕೆ ಹೋದ. ಲೈಸೆನ್ಸಿನ ಫೈಲೂ ಭೋಪಾಳಕ್ಕೆ ಹೋಯಿತೆಂದ ಲಕ್ಷ್ಮೀಕಾಂತ. ವರ್ಷದೊಳಗೆ ಕಂಪನಿಯ ಬೋರ್ಡು ಇಳಿಯಿತು, ಅವನ ಅಂಗಡಿಯ ಬೋರ್ಡು ಇಳಿಯಲಿಲ್ಲ. ಕೃಷ್ಣವೇಣಿ ಶಾಲೆಯೊಂದರಲ್ಲಿ ಮಾಸ್ತರಿಣಿಯಾದಳು. ಹೆಣ್ಣು ನೋಡಲು ಬರುವವರು ನಿಂತರು. ಅಪ್ಪ ಮಾತ್ರ ಶುಕ್ರವಾರಕ್ಕೊಮ್ಮೆ ಆ ಕಾಗದಕ್ಕೆ ಕುಂಕುಮ ಹಚ್ಚುವುದನ್ನು ಬಿಡಲಿಲ್ಲ. ಆ ಹೊತ್ತಿಗೆ ಅವಳು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು.

ಐವತ್ತೆಂಟರ ಸಂಕ್ರಾಂತಿಗೆ ಧರಮಪೇಠದ ಕನ್ನಡದವರ ಮನೆಯೊಂದರಲ್ಲಿ ಅರಿಶಿನ ಕುಂಕುಮ. ಎಳ್ಳು ಹಂಚಲು ಕೈ ಬೇಕೆಂದು ಕೃಷ್ಣವೇಣಿಯನ್ನು ಕರೆದಿದ್ದರು. ಆ ಮನೆಯ ಮಗಳು ವಿಜಯಾ ಭೋಪಾಳದಿಂದ ತವರಿಗೆ ಬಂದಿದ್ದಳು. ನರಹರಿಯ ಹೆಂಡತಿ. ಅವಳೇ ಮುಂದೆ ಬಂದು ಕೃಷ್ಣವೇಣಿಯ ಹಣೆಗೆ ಕುಂಕುಮ ಹಚ್ಚಿದಳು.

ಮನೆಗೆ ಬಂದಾಗ ಅಪ್ಪ ಕಾಗದ ಬಿಚ್ಚಿಕೊಂಡು ಕೂತಿದ್ದರು.

"ಈ ವರ್ಷ ಲೈಸೆನ್ಸ್ ಬಂದ್ರ ನಿನ್ನ ಚಸ್ಮಾ ಹೋಗ್ತದ ನೋಡು, ವೇಣಿ."

"ನರಹರಿಯವರ ಹೆಂಡತೀನ್ನ ನೋಡಿದೆ ಅಪ್ಪಾ," ಎಂದಳು. "ಆಕಿಗೂ ಚಸ್ಮಾ ಅದ. ನಂದಕ್ಕಿಂತ ದಪ್ಪಂದು."

ಅಪ್ಪನ ಕೈ ಕುಂಕುಮದ ಬಟ್ಟಲಿನಲ್ಲೇ ನಿಂತಿತು. ಕೇಳಿದರು:

"ಕೈಯಾಗ ಪಾಟ್ಲಿ ಇದ್ವೇನು?"

"ಇದ್ವು."

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಆಮೇಲೆ ರಾತ್ರಿಯ ಅಡುಗೆಗೆ ಅಕ್ಕಿ ಆರಿಸಲು ಒಳಗೆ ಹೋದಳು.